ಶಿರಾದ ಸರ್ವರ್ ಕೊರಟಗೆರೆಗೆ ಓಗೊಡದ ದಿನ

"ಒಂದು ಪೆನ್ ಡ್ರೈವಲ್ಲಿ ಹಾಕ್ಕೊಂಡ್ ಹೋಗ್ರೀ" ಎಂದು ರಾಧಾಮಣಿ ಗಂಡನಿಗೆ ಮನೆಯಲ್ಲಿ ಹೇಳಿದ್ದಳು, ಶಿರಾದಲ್ಲಿ ಅವನು ಮಧುಗಿರಿ ಬಸ್ಸು ಹತ್ತುವಾಗಲೂ ಹೇಳಿದ್ದಳು. ಭೀಮರಾಜು ಕೇಳಬೇಕಲ್ಲ! ಹಳೇ ಕಂಪ್ಯೂಟರೊಂದಕ್ಕೆ ಮರುಜೀವ ಕೊಟ್ಟು, ಬೀರುವಿನ ಪಕ್ಕ ಸರ್ವರೆಂದು ಪ್ರತಿಷ್ಠಾಪಿಸಿದ ಮಹಾಶಯ ಅವನು. ಲೋಕದ ಯಾವ ಮೂಲೆಯಿಂದ ಕರೆದರೂ ಫೈಲು ಓಡಿ ಬರುತ್ತದೆಂದು ನೆಂಟರ ಮುಂದೆಲ್ಲ ಜಂಬ ಕೊಚ್ಚಿಕೊಂಡಿದ್ದ. ಅಂಥವನು ಪೆನ್ ಡ್ರೈವ್ ಜೇಬಿಗಿಳಿಸುವುದೇ?

ಈಗ ನೋಡಿ, ಕೊರಟಗೆರೆಯ ಅತ್ತೆ ಮನೆಯಲ್ಲಿ ಬಾಮೈದ ಕಿರಣ್ ಕುಮಾರನ ಲ್ಯಾಪ್‌ಟಾಪ್ ಮುಂದೆ ಬೆವರುತ್ತ ಕೂತಿದ್ದಾನೆ. ಕಿರಣನ ಲಗ್ನಪತ್ರಿಕೆಯನ್ನು ಸಿದ್ಧಪಡಿಸಿದವನು ಇವನೇ. ಅದಿರುವುದು ಶಿರಾದ ಸರ್ವರಿನಲ್ಲಿ. ನಾಲ್ಕು ಗಂಟೆಯೊಳಗೆ ಕೊಡದಿದ್ದರೆ ಪ್ರೆಸ್ಸಿನವರು ಬೇರೆ ಕೆಲಸ ಹಿಡಿಯುತ್ತಾರೆ, ಆಮೇಲೆ ಪತ್ರಿಕೆ ಬರುವುದು ಮದುವೆಯ ಊಟ ಅರಗಿದ ಮೇಲೆಯೇ. ಗಂಟೆ ಮೂರೂ ಇಪ್ಪತ್ತು. ತೆರೆಯ ಮೇಲೆ ಒಂದೇ ಸಾಲು: ಕನೆಕ್ಷನ್ ರೆಫ್ಯೂಸ್ಡ್, ಅಂದರೆ ಸಂಪರ್ಕ ನಿರಾಕರಿಸಲಾಗಿದೆ.

"ಏನಂತೆ ಅಳಿಯಂದ್ರೆ?" ಎಲೆಗೆ ಸುಣ್ಣ ಸವರುತ್ತ ಅತ್ತೆ ಪಟಾಲಮ್ಮ ಕೇಳಿದರು.

"ಬಾಗಿಲು ತೆಗೀತಿಲ್ಲ ಅತ್ತೆ."

"ಯಾಕೆ, ರಾಧ ಮನೇಲೇ ಅವ್ಳಲ್ಲ?"

ಭೀಮರಾಜು ಹೆಂಡತಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಅತ್ತೆಯ ಎಲೆ ತಟ್ಟೆಯ ಪಕ್ಕ ಇಟ್ಟ.

"ಲೇ ರಾಧಾ, ಹಸಿರು ಲೈಟ್ ಐತಾ?"

"ಐತೆ. ಮಿಣಕ್ ಮಿಣಕ್ ಅಂತೈತೆ."

"ಆಫ್ ಮಾಡಿ ಆನ್ ಮಾಡು."

ಮಾಡಿದಳು. ನಿರಾಕರಣೆ. ಮೋಡೆಮ್ಮನ್ನೂ ಆರಿಸಿ ಹಚ್ಚಿದಳು. ನಿರಾಕರಣೆ. ವೈರನ್ನು ಕಿತ್ತು, ಸೆರಗಿನಿಂದ ಒರೆಸಿ, ಸಿಕ್ಕಿಸಿದಳು. ಪರಮ ನಿರಾಕರಣೆ! ಗಂಟೆ ಮೂರೂ ನಲವತ್ತೈದು.

"ರೀ, ಪತ್ರಿಕೆ ನನ್ ಮೊಬೈಲಲ್ಲಿ ಚೆನ್ನಾಗೇ ತೆಗೀತೈತೆ. ವಾಟ್ಸಾಪಲ್ಲಿ ಹಾಕ್ಬುಡ್ಲಾ?"

"ಬ್ಯಾಡ ಕಣೇ! ನನ್ ಸರ್ವರಿಂದ್ಲೇ ಬರ್ಬೇಕು!" (ಮಾನವೆಂಬುದು ವಾಟ್ಸಾಪಿನಲ್ಲಿ ಕಳಿಸುವ ವಸ್ತುವೇ?)

ಕಿರಣ ತಲೆ ಕೆರೆದುಕೊಂಡ. "ಭಾವ, ಅಕ್ಕಂಗೆ ತೆಗೀತೈತೆ, ನಮಗ್ ತೆಗೀತಿಲ್ಲ. ಅಂದ್ರೆ ನಮ್ಮನೇನೇ ತಡೆದೈತೆ. ಅಕ್ಕೋ, ಅದ್ರಲ್ಲಿ ಬ್ಲಾಕ್ ಲಿಸ್ಟ್ ಅಂತ ಇರ್ತದೆ, ಯಾರ್ ಇಂಟರ್ನೆಟ್ ನಂಬರನ್ನ ಒಳಕ್ ಬಿಡ್ಬಾರ್ದು ಅನ್ನೋ ಪಟ್ಟಿ, ಓದು."

ಭೀಮರಾಜುವಿಗೆ ತಟ್ಟನೆ ಏನೋ ನೆನಪಾಯಿತು. "ಬ್ಯಾಡ! ರಾಧಾ, ಓದ್ಬ್ಯಾಡ!" ಎಂದು ಫೋನಿಗೆ ಕೈ ಹಾಕಿದ. ಪಟಾಲಮ್ಮ ತಟ್ಟೆಯನ್ನೂ ಫೋನನ್ನೂ ಮೆಲ್ಲಗೆ ತಮ್ಮತ್ತ ಎಳೆದುಕೊಂಡರು.

ಓದಬೇಡ ಎಂದಿದ್ದಕ್ಕೇ ರಾಧಾಮಣಿ ಬಿಡಿಸಿ ಬಿಡಿಸಿ ಓದಿದಳು: "ಒಂದೇ ನಂಬರ್ ಐತೆ. ಪಕ್ಕದಲ್ಲಿ ಏನೋ ಬರ್ದೈತೆ... 'ಕೊರಟಗೆರೆ ಅತ್ತೆ ಮನೆ. ಇರೋಬರೋ ನಾಟಕದ ವಿಡಿಯೋ ಎಲ್ಲ ಇಳಿಸಿಕೊಂಡು ನನ್ನ ಇಂಟರ್ನೆಟ್ ಬರಿದು ಮಾಡಿದರು. ಇವರನ್ನು ಒಳಕ್ಕೆ ಬಿಡಕೂಡದು.' ...ರೀ, ಇದು ನೀವ್ ಬರ್ದಿದ್ದಾ?"

"ಅಕ್ಕೋ, ಮೊದ್ಲು ಆ ಸಾಲ್ ಅಳಿಸ್ಬುಡು," ಎಂದ ಕಿರಣ.

ಆ ಸಾಲನ್ನು ಅಳಿಸಿದ ಹನ್ನೊಂದು ಸೆಕೆಂಡಿಗೆ ಪತ್ರಿಕೆ ಓಡೋಡಿ ಬಂತು. ಯಾರೂ ಶಹಬ್ಬಾಸ್ ಅನ್ನಲಿಲ್ಲ. ಪಟಾಲಮ್ಮ ಎಲೆ ಮಡಿಚಿ ಬಾಯಿಗಿಟ್ಟುಕೊಂಡು, "ಕಿರಣ, ಓದ್ಲಾ" ಎಂದರು. ಅವನು ಓದುತ್ತ ಕೊನೆಗೆ ಬಂದ: "ತಮ್ಮ ಸುಖಾಗಮನ ಬಯಸುವವರು: ಶ್ರೀಮತಿ ರಾಧಾಮಣಿ ಮತ್ತು ಶ್ರೀ ಭೀಮರಾಜು, ಶಿರಾ."

"ರಾಧನ್ ಹೆಸ್ರು ಇರ್ಲಿ. ಅಳಿಯಂದ್ರದು ತೆಗೆದ್ಬುಡು. ಒಳಕ್ ಬುಡಬ್ಯಾಡಿ ಅಂತ ಬರ್ದಿರೋರ ಕೈಲಿ ಊರ್ನೆಲ್ಲ ಬನ್ನಿ ಅಂತ ಕರೆಸೋದು ಚೆಂದಾಗಿರಲ್ಲ."

ಉಳಿದಿದ್ದದ್ದು ಎಂಟೇ ನಿಮಿಷ. ಪತ್ರಿಕೆ ತಿದ್ದಲು ಆ ಮನೆಯಲ್ಲಿ ಬರುತ್ತಿದ್ದದ್ದು ಒಬ್ಬನಿಗೇ. ಭೀಮರಾಜು ತನ್ನ ಹೆಸರಿನ ಕೊನೆಗೆ ಕರ್ಸರ್ ತಂದಿಟ್ಟು, ಒಂದೊಂದೇ ಅಕ್ಷರ ಅಳಿಸತೊಡಗಿದ.

"ಬೇಗ ಬೇಗ ಭಾವ," ಎಂದ ಕಿರಣ, "ಪ್ರೆಸ್ಸಿನೋರು ಕಾಯಲ್ಲ."