ಐದು ಕಿಲೋ ಹಿಟ್ಟಿನ ಪಕ್ಕದಲ್ಲಿ

ಹೆತ್ತ ಮಗಳ ಪಕ್ಕದಲ್ಲಿ ಮಲಗುವ ಹಕ್ಕು ತಂದೆಗಿಲ್ಲ ಎಂಬ ತೀರ್ಪು ನಮ್ಮ ಮನೆಯಲ್ಲಿ ಹೊರಬಿದ್ದದ್ದು ಒಂದು ಮಂಗಳವಾರ, ಬೆಳಿಗ್ಗೆ ಎಂಟಕ್ಕೆ. ನಾನು ಆಗಷ್ಟೇ ಮಾದಾಪುರದ ಆಫೀಸಿನಿಂದ ರಾತ್ರಿಪಾಳಿ ಮುಗಿಸಿ ಬಂದು ಕ್ಯಾಬ್ ಇಳಿದಿದ್ದೆ. ಅಮೆರಿಕದವರು ಎಚ್ಚರವಿದ್ದಾಗ ನಮ್ಮ ಕಂಪನಿಯೂ ಎಚ್ಚರ. ಹೀಗಾಗಿ ನಾವಿರುವ ದಿಲ್‌ಸುಖ್‌ನಗರವೆಲ್ಲ ಡಬ್ಬಿ ಕಟ್ಟಿಕೊಂಡು ಹೊರಡುವ ಹೊತ್ತು ನನಗೆ ಹಾಸಿಗೆಯ ಹೊತ್ತು. ಹೆಂಡತಿ ಶಿವಗಂಗಾ ಬಾಣಂತನ ಮುಗಿಸಿ, ಮೂರು ತಿಂಗಳ ಕೂಸನ್ನೂ ತನ್ನ ಅವ್ವನನ್ನೂ ಕರೆದುಕೊಂಡು ತವರೂರು ಸೇಡಂನಿಂದ ಬಂದು ಎರಡು ದಿನವಾಗಿತ್ತು. ಮಗಳನ್ನು ಎದೆಗೊತ್ತಿಕೊಂಡು, ಇಬ್ಬರ ಮೇಲೂ ಒಂದೇ ಕೌದಿ ಎಳೆದುಕೊಂಡು ಮಲಗಬೇಕು: ಮೂರು ತಿಂಗಳು ನಾನು ಕಾದದ್ದು ಇಷ್ಟಕ್ಕೇ ನೋಡಿ.

ಲಸಿಕೆ ಹಾಕಿದ ಡಾಕ್ಟರಮ್ಮ ಬೇಡ ಅಂದರಂತೆ. ಒಂದೇ ಕೋಣೆಯಲ್ಲಿ ಇರಲಿ, ಒಂದೇ ಹಾಸಿಗೆಯಲ್ಲಿ ಬೇಡ. ಕೂಸಿಗೆ ಬೇರೆ ತೊಟ್ಟಿಲು, ಗಟ್ಟಿ ಹಾಸಿಗೆ, ಅಂಗಾತ ಮಲಗಿಸಬೇಕು, ದಿಂಬಿಲ್ಲ, ಕೌದಿಯಿಲ್ಲ.

"ಅದರಾಗ ರಾತ್ರಿಪಾಳಿ ಮಾಡಿ ದಣದು ಬಂದವ್ರ ಬಾಜೂಕ ಅಂತೂ ಬ್ಯಾಡೇ ಬ್ಯಾಡ ಅಂದಾರ್ರಿ," ಎಂದಳು ಶಿವಗಂಗಾ.

ನಾನು ಮೇಲಿನ ಕೋರ್ಟಿಗೆ, ಅಂದರೆ ಅತ್ತೆ ಗದಿಗೆಮ್ಮನವರಿಗೆ, ಅಪೀಲು ಹೋದೆ. ಐದು ಮಕ್ಕಳನ್ನು ಮಗ್ಗುಲಲ್ಲೇ ಮಲಗಿಸಿಕೊಂಡು ಬೆಳೆಸಿದವರು, ನನ್ನ ಪರ ನಿಲ್ಲುತ್ತಾರೆಂದು ನಂಬಿದ್ದೆ. (ನಮ್ಮ ಕಡೆ ಅತ್ತೆ ಅಳಿಯನ ಮುಖ ನೋಡಿ ಮಾತಾಡುವ ರಿವಾಜಿಲ್ಲ. ಸೆರಗು ಎಳೆದುಕೊಂಡು ಮಗಳಿಗೆ ಹೇಳುತ್ತಾರೆ. ಏಟು ಮಾತ್ರ ನೇರ ಅಳಿಯನಿಗೇ ಬೀಳುತ್ತದೆ.)

"ನಂದು ನಾಯಿ ನಿದ್ದಿ. ಆದ್ರೂ ಎಷ್ಟು ಸಲ ಎದಿ ಧಸಕ್ಕಂದು ಎದ್ದು ಕೂಸಿನ ಮೂಗಿಗೆ ಕೈ ಹಿಡದು ನೋಡೀನೋ. ಆವಾಗ ಹೇಳವ್ರು ಇದ್ದಿದ್ರ ನಾನೂ ಕೇಳ್ತಿದ್ದೆ. ಅವ್ರ ನಿದ್ದಿ ಯಾವ ನಮೂನಿದು ಕೇಳವ್ವ," ಎಂದರು.

ನನ್ನದು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಪರೀಕ್ಷೆಯಿಲ್ಲದೆ ತೀರ್ಪು ಕೊಡುವುದು ವೃತ್ತಿಧರ್ಮಕ್ಕೆ ಮಹಾಪಚಾರವೆಂದು ಘೋಷಿಸಿದೆ. ಕೂಸಿನ ತೂಕ ಐದು ಕಿಲೋ. ಗಿರಣಿಯಿಂದ ಐದು ಕಿಲೋ ಜೋಳದ ಹಿಟ್ಟು ತಂದು, ದಿಂಬಿನ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಮಗಳ ಅಂಗಿ, ಕುಲಾವಿ ತೊಡಿಸಿದೆ. ಮೂರು ದಿನ ಇದರ ಪಕ್ಕ ಮಲಗುತ್ತೇನೆ. ಹಿಟ್ಟಿಗೆ ಏನೂ ಆಗದಿದ್ದರೆ ಮಗಳು ನನ್ನ ಪಕ್ಕಕ್ಕೆ. ಒಪ್ಪಿದರು. ಅತ್ತೆಯವರು ದೃಷ್ಟಿಯಾಗದಿರಲೆಂದು ಚೀಲಕ್ಕೊಂದು ಕಾಡಿಗೆ ಬೊಟ್ಟನ್ನೂ ಇಟ್ಟರು.

ಮೊದಲ ದಿನ ಹಿಟ್ಟು ಇದ್ದಲ್ಲೇ ಇತ್ತು. ಪಾಸ್! (ನಿಮ್ಮಲ್ಲೇ ಇರಲಿ, ಆ ದಿನ ನಾನು ಕಣ್ಣೇ ಮುಚ್ಚಿರಲಿಲ್ಲ. ಹಲಗೆಯ ಹಾಗೆ ಬಿದ್ದುಕೊಂಡು ಹಿಟ್ಟನ್ನೇ ಕಾದಿದ್ದೆ. ಅಂದು ರಾತ್ರಿ ಆಫೀಸಿನಲ್ಲಿ ಕೀಬೋರ್ಡಿನ ಮೇಲೆ ಹಣೆಯೂರಿ, ಒಂದೇ ಅಕ್ಷರವನ್ನು ಏಳು ಪುಟ ಅಮೆರಿಕಕ್ಕೆ ಕಳಿಸಿದೆ.)

ಎರಡನೆಯ ದಿನ ಶರೀರ ತನ್ನ ಬಾಕಿ ವಸೂಲಿಗೆ ನಿಂತಿತು. ಹಾಸಿಗೆಗೆ ಬೆನ್ನು ತಾಗಿದ್ದಷ್ಟೇ ನೆನಪು. ಸಂಜೆ ನಾಲ್ಕಕ್ಕೆ ಸೀನುತ್ತ ಎದ್ದೆ. ಮೀಸೆಯಲ್ಲಿ ಹಿಟ್ಟು, ರೆಪ್ಪೆಯಲ್ಲಿ ಹಿಟ್ಟು. ಕುಲಾವಿ ನನ್ನ ಕಂಕುಳಲ್ಲಿ. ಹರಿದ ಚೀಲ ಕೌದಿಯಡಿಗೆ ಜಾರಿ ಚಪ್ಪಟೆಯಾಗಿತ್ತು. ನನ್ನ ಮೊಣಕೈ ಕಾಡಿಗೆ ಬೊಟ್ಟಿನ ಮೇಲೇ ಊರಿತ್ತು.

ಬಾಗಿಲಲ್ಲಿ ಶಿವಗಂಗಾ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ಯಾರೂ ನಗಲಿಲ್ಲ. ನಾನು ಮೊಣಕೈಯನ್ನೇ ನೋಡುತ್ತ ಕೂತೆ. ಇಷ್ಟು ಹೊತ್ತು ಅದು ಎಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಅವಳ ಹಿಂದಿದ್ದ ಅತ್ತೆಯವರು ಬಗ್ಗಿ ಹರಿದ ಚೀಲ ನೋಡಿದರು. "ರೊಟ್ಟಿಗೆ ಎಸರು ಇಡ್ಲೇನು ಕೇಳವ್ವ. ನಾದೂದಂತೂ ಮುಗದೈತಿ."

ಫೇಲ್ ಎಂದು ನಾನೇ ಬರೆದುಕೊಟ್ಟೆ. ಕೌದಿ ಮಡಿಚಿ ಅಟ್ಟಕ್ಕೆ ಹಾಕಿದೆ. ತೊಟ್ಟಿಲನ್ನು ಶಿವಗಂಗಾ ಮಲಗುವ ಮಗ್ಗುಲಿಗೆ ತಂದಿಟ್ಟದ್ದೂ ನಾನೇ. ನನ್ನ ಮುಖ ನೋಡಿ ಅವಳಿಗೇ ಕರುಳು ಚುರುಕ್ಕೆಂದಿರಬೇಕು.

"ಎಚ್ಚರ ಇದ್ದಾಗ ನೀವು ಅಪ್ಪ. ಮಲಗಿದ್ರ ಗಿರಣಿ. ಹಂಗಾಗಿ ಬಂದ ಕೂಡ್ಲೇ ಅರ್ಧ ತಾಸು ಕುರ್ಚಿ ಮ್ಯಾಲೆ ಕುಂತು ಎತ್ಕೋರಿ. ಅವ್ವ ಬಾಜೂಕ ಇರ್ತಾಳ," ಎಂದಳು.

ಮರುದಿನ ಬೆಳಿಗ್ಗೆ ಕೈಕಾಲು ತೊಳೆದು, ಕುರ್ಚಿಯಲ್ಲಿ ಸಿಂಹಾಸನಾರೂಢನಾದೆ. ಅತ್ತೆಯವರು ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬಟ್ಟೆಯಲ್ಲಿ ಸುತ್ತಿದ ಮಗಳನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ತಟ್ಟುತ್ತ, ಬಂದಷ್ಟು ಜೋಗುಳ ಹಾಡಿದೆ. ಅವಳು ನನ್ನನ್ನೇ ನೋಡಿದಳು. ಮೂರು ತಿಂಗಳ ಉಪವಾಸ ಅಲ್ಲಿಗೆ ಮುಗಿಯಿತು. ಹಾಡುತ್ತ ಹಾಡುತ್ತ ಒಮ್ಮೆ ರೆಪ್ಪೆ ಬಡಿದೆ, ಒಂದೇ ಒಮ್ಮೆ.

"ಯವ್ವಾ, ಪಲ್ಯಾಕ್ಕ ತಂದ ಕುಂಬಳಕಾಯಿ ಎಲ್ಲಿ ಐತಿ?" ಅಡುಗೆಮನೆಯಿಂದ ಶಿವಗಂಗಾಳ ದನಿ ಕೇಳಿಸಿತು.

ಕಣ್ಣು ತೆರೆದೆ. ಮಗಳು ಆಚೆ ತೊಟ್ಟಿಲಲ್ಲಿ ಅಂಗಾತ ಮಲಗಿ ಕೈಕಾಲು ಆಡಿಸುತ್ತಿದ್ದಳು. ನನ್ನ ತೊಡೆಯ ಮೇಲೆ, ಅವಳದೇ ಬಟ್ಟೆಯಲ್ಲಿ ಸುತ್ತಿಕೊಂಡು, ಕುಂಬಳಕಾಯಿ. ನನ್ನ ಕೈ ಅದನ್ನು ಇನ್ನೂ ತಟ್ಟುತ್ತಲೇ ಇತ್ತು.

ಅತ್ತೆಯವರು ಅವರೆಕಾಯಿಯಿಂದ ತಲೆಯೆತ್ತಲಿಲ್ಲ.

"ಸಾವಕಾಶ ಮಾತಾಡವ್ವ," ಎಂದರು. "ಅದನ್ನ ಈಗಷ್ಟ ಜೋಗುಳ ಹಾಡಿ ಮಲಗಿಸ್ಯಾರ. ಸ್ವಲ್ಪ ತಡದು ಹೆಚ್ಚೂಣು."