ಮಂದಿಯ ಬಾಗಿಲುಗಳ ಮನೆ

“ಸಾಹುಕಾರ್ರ, ಉಸುರು ಬಿಡ್ರಿ.”

“ಬಿಟ್ಟೀನಲ್ಲೋ. ಇನ್ನ ಬಿಟ್ರ ಸಾಯ್ತೀನಿ.”

ಗಂಜಿನ, ಅಂದರೆ ಕಲಬುರಗಿಯ ಕಾಳುಪೇಟೆಯ, ತೊಗರಿ ಸಾಹುಕಾರರು ನಮ್ಮ ಮಾಮನ ಮನೆಯ ಬಾಗಿಲೊಂದರಲ್ಲಿ ಸಿಕ್ಕಿಕೊಂಡಿದ್ದರು. ಹೊಟ್ಟೆ ಒಳಗಿನ ಕೋಣೆಯಲ್ಲಿ, ಬೆನ್ನು ಪಡಸಾಲೆಯಲ್ಲಿ. ನಾನು ಹಿಂದಿನಿಂದ ನೂಕುತ್ತಿದ್ದೆ. ಮನೆ ತೋರಿಸಲು ಕಲಬುರಗಿಯಿಂದ ಕಮಲಾಪುರದವರೆಗೆ ಅವರನ್ನು ಕರೆತಂದ ದಲಾಲಿ ನಾನೇ, ನೂಕುವವನೂ ನಾನೇ. ಮನೆಯ ಮಾಲೀಕ, ಅಂದರೆ ನನ್ನ ತಾಯಿಯ ಅಣ್ಣ, ಪಕ್ಕದಲ್ಲಿ ನಿಂತು ಚೌಕಟ್ಟನ್ನು ಸವರುತ್ತಿದ್ದ.

“ಮೆಲ್ಲಕ ನೂಕೋ ಅಳಿಯಾ. ಚೌಕಟ್ಟ ಸಡ್ಲ ಆಗ್ತದ. ಅದು ನಂದಲ್ಲ.”

ಸಾಹುಕಾರರ ಕುತ್ತಿಗೆಯೊಂದೇ ತಿರುಗಿತು. “ನಿಂದಲ್ಲದ್ದ ಮಾರಾಕ ಹೊಂಟೀಯೇನಪ್ಪ?”

“ಮನಿ ನಂದ್ರಿ. ಬಾಗಲಾ ನಂದಲ್ಲ.”

ಸಾಹುಕಾರರು ಹೊರಗೆ ಬಂದರು. ಅಂಗಿಯ ಗುಂಡಿಗಳು ಒಳಗೇ ಉಳಿದವು. ವ್ಯಾಪಾರ ಅಲ್ಲಿಗೆ ಮುಗಿಯಿತು.

ಊರಿಗೊಬ್ಬ ಹುಚ್ಚ ಇದ್ದೇ ಇರುತ್ತಾನೆ. ಆದರೆ ನಮ್ಮ ಮಾಮನ ಪಕ್ಕದಲ್ಲಿ ನಿಲ್ಲಿಸಿದರೆ ಅವರೆಲ್ಲ ವಕೀಲರಂತೆ ಕಾಣುತ್ತಾರೆ. ಕಮಲಾಪುರದ ಹೊರಗೆ, ಕೆಂಪು ಬಾಳೆಯ ತೋಟದ ನಡುವೆ ಅವನು ಕಟ್ಟಿಸಿದ ಮನೆಯಲ್ಲಿ ಗೋಡೆಗಿಂತ ಬಾಗಿಲು ಹೆಚ್ಚು. ಅಡುಗೆ ಮನೆಗೆ ಮೂರು ದಿಕ್ಕಿನಿಂದ ಹೋಗಬಹುದು. ಒಂದು ಬಾಗಿಲು ತೆರೆದರೆ ಹಿಂದೆ ಗೋಡೆಯೇ ಇದೆ. ಸಾಹುಕಾರರು ಸಿಕ್ಕಿಕೊಂಡದ್ದು ಯಾರದೋ ದೇವರಕೋಣೆಯ ಬಾಗಿಲು. ಬಗ್ಗಿ ಹೋಗಲಿ ಎಂದು ಮಾಡಿಸಿದ್ದು, ತೊಗರಿ ಸಾಹುಕಾರರು ಹೋಗಲಿ ಎಂದಲ್ಲ.

ಇಷ್ಟು ಬಾಗಿಲು ಎಲ್ಲಿಂದ ಬಂದವು? ರಜಾಕಾರರ ಗದ್ದಲದಲ್ಲಿ ಸುತ್ತಲಿನ ಹಳ್ಳಿಗಳ ಮಂದಿ ಮನೆಗೆ ಕೀಲಿ ಹಾಕಿ ಸೊಲ್ಲಾಪುರದ ಕಡೆ ಓಡಿದರು. ಪೊಲೀಸ್ ಆ್ಯಕ್ಷನ್ ಆದ ಮೇಲೆ ಬೇರೆ ಓಣಿಗಳ ಮಂದಿ ಕೀಲಿ ಹಾಕಿ ಹೈದರಾಬಾದಿನ ಕಡೆ ಓಡಿದರು. ಎರಡು ಸಲವೂ ಹಿಂದೆ ಉಳಿದವರು ಮೊದಲು ಕಿತ್ತದ್ದು ಬಾಗಿಲನ್ನೇ. ಒಣಗಿದ ಸಾಗವಾನಿ ಒಲೆಗೆ ಬಹಳ ಚಲೋ. ನಮ್ಮ ಮಾಮ ಎರಡು ಸಲವೂ ಗಾಡಿ ಕಟ್ಟಿಕೊಂಡು ಹೋದ. ಜಗಳಾಡಿದ, ಬೇಡಿಕೊಂಡ, ಬದಲಿಗೆ ಬಾಳೆಗೊನೆ ಕೊಟ್ಟ, ಬಾಗಿಲು ಹೇರಿಕೊಂಡು ಬಂದ. ಊರಿಗೆ ಊರೇ ನಕ್ಕಿತು. ನಾನೂ ನಕ್ಕೆ.

“ಕೊಟ್ಟಿಗ್ಯಾಗ ಒಗದಿಡು ಮಾಮಾ. ಮನೀಗಿ ಯಾಕ ಹಚ್ಚತಿ?” ಎಂದು ಕೇಳಿದ್ದೆ.

“ನೆಲಕ್ಕ ಒಗದ್ರ ಗೆದ್ದಲ ಹತ್ತತದ. ಬಾಗಲಾ ಅಂದ ಮ್ಯಾಲ ದಿನಾ ತೆರೀಬೇಕು, ಮುಚ್ಚಬೇಕು. ಹೊಳ್ಳಿ ಬಂದವ್ರ ಕೈಯಾಗ ಕೊಡೂಮುಂದ ಚಂದ ಇರಬ್ಯಾಡೇನು?”

ಕೆಲವರು ಹೊಳ್ಳಿ ಬಂದರು ಸಹ. ಅವರ ಬಾಗಿಲು ಬಿಚ್ಚಿ, ಅಗಸೆ ಎಣ್ಣೆ ಸವರಿ, ತಾನೇ ಗಾಡಿಯಲ್ಲಿ ಮುಟ್ಟಿಸಿ ಬಂದ. ಆ ಜಾಗಕ್ಕೆ ಗೋಣಿಚೀಲ ಇಳಿಬಿಟ್ಟ.

ಅದನ್ನಾದರೂ ಸಹಿಸಬಹುದು. ಇನ್ನೊಂದಿದೆ. ತನ್ನದೇ ಮನೆಯಲ್ಲಿ ನಮ್ಮ ಮಾಮ ಬಾಗಿಲು ಬಡಿಯದೆ ಒಳಗೆ ಹೋಗುವುದಿಲ್ಲ. ಮಂದಿಯ ಬಾಗಿಲಲ್ಲವೆ? ಲಿಂಗವಂತರ ಬಾಗಿಲಾದರೆ “ಶರಣ್ರೀ, ಒಳಗ ಯಾರರ ಅದಾರೇನ್ರಿ?” ಮುಸಲ್ಮಾನರದಾದರೆ “ಸಲಾಮ್ರೀ”. ಒಂದು ಉಸಿರಿನಷ್ಟು ಹೊತ್ತು ಕಾಯುತ್ತಾನೆ. ಯಾರೂ ಬಾ ಅನ್ನುವುದಿಲ್ಲ. ಯಾರು ಅಂದಾರು? ಆಮೇಲೆ ಒಳಗೆ ಹೋಗಿ ಸಾರಿಗೆ ಉಪ್ಪು ಹಾಕುತ್ತಾನೆ. ಒಮ್ಮೆ ನಾನು ನೀರಡಿಸಿ ನೆಟ್ಟಗೆ ಅಡುಗೆ ಮನೆಗೆ ನುಗ್ಗಿದೆ. ಕುತ್ತಿಗೆ ಹಿಡಿದು ಹೊರಗೆ ತಂದು ನಿಲ್ಲಿಸಿದ. ಬಡಿದೆ. ಶರಣ್ರೀ ಅಂದೆ. ಯಾರಾದರೂ ಬಾ ಅನ್ನಲಿ ಎಂದು ನಿಂತೇ ಇದ್ದೆ. ಹುಚ್ಚು ಕಜ್ಜಿಗಿಂತ ಬೇಗ ಹತ್ತುತ್ತದೆ.

ಇಂಥ ಮನೆಯನ್ನು ನಾನೇಕೆ ಮಾರಲು ಹೊರಟೆ? ನನ್ನ ಮದುವೆಗಾಗಿ. ಮುಚ್ಚಿಡುವುದೇನು.

ಮಾಮನಿಗೆ ಹೆಂಡತಿ ಮಕ್ಕಳಿಲ್ಲ. ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಮೊಳಕಾಲು ಕೆಡಿಸಿಕೊಂಡ. ಒಬ್ಬನೇ ಇರಬೇಡ, ಕಲಬುರಗಿಗೆ ಬಾ ಎಂದು ಅವ್ವ ಅತ್ತಳು. “ನಂಬಿ ಬಾಗಲಾ ಒಪ್ಪಸೂವಂಥವ್ರು ಸಿಗ್ಲಿ, ಬರ್ತೀನಿ” ಅಂದ. ಅವ್ವ ನನ್ನ ಕಡೆ ತಿರುಗಿದಳು. “ಸ್ವಾದರಮಾವ ಇಲ್ದ ನಿನ್ನ ಲಗ್ನ ಆಗೂದಿಲ್ಲ. ಮಾಮನ ಮನಿ ಮಾರು, ಆಮ್ಯಾಗ ಬಾಸಿಂಗ ಕಟ್ಟಕೊ.” ಶರಣಸಿರಸಗಿಯಲ್ಲಿ ಹುಡುಗಿ ಗೊತ್ತಾಗಿತ್ತು. ಅವಳಪ್ಪ ಸುಗ್ಗಿಯ ಆಚೆಗೆ ಕಾಯುವುದಿಲ್ಲ ಎಂದು ಹೇಳಿ ಕಳಿಸಿದ್ದ.

ನನಗೆ ಸೊಕ್ಕಿತ್ತು. ಸಾಲೆಯಲ್ಲಿ ಕಲಿತದ್ದು ಉರ್ದು, ಅದೂ ಅರ್ಧ. ಕನ್ನಡ ಕಲಿತದ್ದು ಅಂಗಡಿ ಬೋರ್ಡು ಓದಿ. ಆದರೆ ಗಂಜಿನ ಅಡತಿ ಅಂಗಡಿಯಲ್ಲಿ ಹುಳ ಹತ್ತಿದ ಕಡಲೆಯನ್ನೂ ಮಾರಿದ ಬಾಯಿ ನನ್ನದು. ಒಂದು ಮನೆ ಯಾವ ಲೆಕ್ಕ?

ಸಾಹುಕಾರರ ನಂತರ ತಹಸೀಲ್ ಕಚೇರಿಯ ಗುಮಾಸ್ತರೊಬ್ಬರನ್ನು ಕರೆದೊಯ್ದೆ. ಸಣ್ಣ ಹೊಟ್ಟೆ. ಅದನ್ನು ಮೊದಲೇ ನೋಡಿಕೊಂಡಿದ್ದೆ. ಅವರ ಹೆಂಡತಿಗೆ ತೋಟ ಹಿಡಿಸಿತು, ಗಾಳಿ ಹಿಡಿಸಿತು. ಮಾಮ ತನ್ನ ಕರಾರು ಹೇಳಿದ. ಬಾಗಿಲಿನವರು ಬಂದು ಕೇಳಿದರೆ, ಯಾವ ಹೊತ್ತಿನಲ್ಲಿ ಕೇಳಿದರೂ ಬಿಚ್ಚಿ ಕೊಡಬೇಕು.

ಗುಮಾಸ್ತರು ಕನ್ನಡಕ ತೆಗೆದರು. “ಒಂದ ವ್ಯಾಳ್ಯಾ ಎಲ್ಲಾರೂ ಕೂಡೇ ಬಂದ್ರ?”

ಮಾಮನ ಮುಖ ಅರಳಿತು. ಅವರ ಎರಡೂ ಕೈ ಹಿಡಿದುಕೊಂಡ. “ನಿಮ್ಮ ಬಾಯಾಗ ಸಕ್ಕರಿ ಬೀಳ್ಲಿ ಸಾಹೇಬ್ರ.”

ಗುಮಾಸ್ತರು ಕೈ ಬಿಡಿಸಿಕೊಂಡು, ಹೆಂಡತಿಯನ್ನು ಕರೆದುಕೊಂಡು ಬಸ್ಸಿನ ಕಡೆ ನಡೆದರು.

ಮೂರನೆಯ ಸಲ ಬುದ್ಧಿ ಓಡಿಸಿದೆ. ರಸ್ತೆ ಕೆಲಸದ ಗುತ್ತೇದಾರನೊಬ್ಬ ಸಿಕ್ಕ. ಅವನಿಗೆ ದಾರಿಯುದ್ದಕ್ಕೂ ಪಾಠ ಮಾಡಿದೆ. ಇಲ್ಲಿ ಬಡಿ, ಅಲ್ಲಿ ಸಲಾಮು ಹೇಳು, ಕರಾರಿಗೆಲ್ಲ ಹೂಂ ಅನ್ನು, ನಗಬೇಡ. ಅವನು ನನಗಿಂತ ಚೆನ್ನಾಗಿ ಕಲಿತ. ಮಾಮನಿಗೆ ಸಂತೋಷವಾಗಿ ಬಾಳೆಹಣ್ಣು ತರಲು ಎದ್ದ. ನಾನು ಮನಸ್ಸಿನಲ್ಲೇ ಬಾಸಿಂಗ ಕಟ್ಟಿಕೊಂಡೆ. ಅಷ್ಟರಲ್ಲಿ ಗುತ್ತೇದಾರ ಪಡಸಾಲೆಯ ಹಸಿರು ಬಾಗಿಲನ್ನು ಮುಚ್ಚಲು ಹೋದ.

ಆ ಹಸಿರು ಬಾಗಿಲಿನ ಕಥೆಯೇ ಬೇರೆ. ಬಂದಾಗಿನಿಂದ ಅದು ಮುಚ್ಚಿದ್ದಿಲ್ಲ. ಬಡಗಿ ಹೆರೆದು ನೋಡಿದ, ನಾನು ಎಣ್ಣೆ ಹಾಕಿ ಜೋತುಬಿದ್ದು ನೋಡಿದೆ. ಒಂದು ಗೇಣು ಬಾಯಿ ಬಿಟ್ಟುಕೊಂಡೇ ನಿಲ್ಲುತ್ತಿತ್ತು. “ಅದಕ್ಕ ತನ್ನವ್ರ ಕೈ ಬೇಕಾಗ್ಯದ” ಎನ್ನುತ್ತಿದ್ದ ಮಾಮ. ಗುತ್ತೇದಾರ ಎರಡು ಸಲ ಎಳೆದ, ಮೂರನೆಯ ಸಲ ಬೂಟುಗಾಲಿನಿಂದ ಒದ್ದ.

ಮಾಮ ಬೈಯಲಿಲ್ಲ. ತಂದ ಬಾಳೆಹಣ್ಣು ಅವನ ಕೈಗೆ ಕೊಟ್ಟು, “ದಾರ್ಯಾಗ ತಿನ್ನೀರಂತ, ಹೋಗಿ ಬರ್ರಿ” ಅಂದ. ಆಮೇಲೆ ಒದ್ದ ಜಾಗವನ್ನು ಧೋತರದ ಚುಂಗಿನಿಂದ ಒರೆಸಿದ. ಅದು ನಾನು ಕಲಿಸಿದ ಶಿಷ್ಯನ ಒದೆ.

ಸುಗ್ಗಿ ಹತ್ತಿರ ಬಂತು. ನನಗೆ ಸಾಕಾಗಿತ್ತು. ಕಮಲಾಪುರದ ಬಸ್ಸಿನಲ್ಲಿ ಬಳೆ ಮಾರುವ ಒಬ್ಬ ಮುಸಲ್ಮಾನ ತರುಣ ಮತ್ತು ಅವನ ತಾಯಿ ಜೊತೆಯಾದರು. ಹೈದರಾಬಾದಿನಿಂದ ಹೊಳ್ಳಿ ಬಂದವರು. ಸಂಬಂಧಿಕರ ಮನೆಯಲ್ಲಿ ಎಷ್ಟು ವರ್ಷ ಇರುವುದು? ಕಮಲಾಪುರದಲ್ಲಿ ಬಾಡಿಗೆಗೆ ಒಂದು ಕೋಣೆ ಸಿಕ್ಕೀತೆ ಎಂದು ಕೇಳಿದರು. ಕೊಳ್ಳುವವರಲ್ಲ. ಆದರೂ ಕರೆದುಕೊಂಡು ಹೋದೆ. ಮನೆ ಮಾರಲಾಗದಿದ್ದರೆ ಮಾಮನಿಗೆ ಒಂದು ತಂಬಿಗೆ ನೀರು ಕೊಡುವವರಾದರೂ ಆಗಲಿ ಎಂದುಕೊಂಡೆ. ನಾನೇನು ಹೆಚ್ಚು ಯೋಚಿಸಿದವನಲ್ಲ.

ಮಾಮ ತೋಟದಲ್ಲಿದ್ದ. ತಾಯಿ ಪಡಸಾಲೆಗೆ ಬಂದವಳು ಹಸಿರು ಬಾಗಿಲಿನ ಮುಂದೆ ನಿಂತಳು.

“ಅದು ಮುಚ್ಚೂದಿಲ್ಲ ಖಾಲಾ, ಬಿಡ್ರಿ” ಅಂದೆ.

ಅವಳಿಗೆ ಕೇಳಿಸಿತೋ ಇಲ್ಲವೋ. ಒಳಗೆ ಹೋದಳು. ಒಂದು ಕೈಯಿಂದ ಸರಪಳಿ ಹಿಡಿದು ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ, ಸೊಂಟದಿಂದ ಒಂದು ಸಲ ನೂಕಿದಳು. ಬಾಗಿಲು ಮುಚ್ಚಿತು. ಸದ್ದೂ ಮಾಡಲಿಲ್ಲ.

ನಾನು ಮಗನ ಮುಖ ನೋಡಿದೆ. ಅವನು ಬಳೆಯ ಗಂಟನ್ನು ನೆಲಕ್ಕಿಟ್ಟ. “ನಮ್ದು” ಅಂದ.

ಅಷ್ಟರಲ್ಲಿ ಮಾಮ ಕುಂಟುತ್ತ ಬಂದ, ಹೆಗಲ ಮೇಲೆ ಗೊನೆ. ಮುಚ್ಚಿದ ಬಾಗಿಲು ಕಂಡು ನಿಂತ. ಗೊನೆ ಇಳಿಸಿದ, ಟೊಪ್ಪಿಗೆ ಸರಿ ಮಾಡಿಕೊಂಡ, ದಿನದ ಹಾಗೆ ಬಡಿದ.

“ಸಲಾಮ್ರೀ. ಒಳಗ ಯಾರರ ಅದಾರೇನ್ರಿ?”

“ಅದೀವಿ ಭಾಯಿ. ಬರ್ರಿ.”

ಇಷ್ಟು ವರ್ಷ ಬಡಿದವನಿಗೆ, ಬರ್ರಿ ಅಂದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಸಣ್ಣ ಹುಡುಗನ ಹಾಗೆ ನನ್ನ ಮುಖ ನೋಡಿದ.

“ಹೋಗು ಮಾಮಾ, ಕರೀಲಿಕತ್ತಾರ” ಅಂದೆ.

ಒಳಗೆ ಹೋದವನೇ, ನಾಳೆಯೇ ಬಾಗಿಲು ಬಿಚ್ಚಿ ಗಾಡಿಗೆ ಹೇರುತ್ತೇನೆ ಅಂದ. ಅವಳು ನಕ್ಕಳು. “ಒಯ್ದು ಎಲ್ಲಿ ಹಚ್ಚಲಿ ಭಾಯಿ? ನಮ್ಮ ಮನಿ ಗ್ವಾಡೀನೂ ಉಳ್ದಿಲ್ಲ.”

ಮಾಮ ಸುತ್ತ ನೋಡಿದ. “ಹಂಗಾದ್ರ ಬಾಗಲಾ ಇಲ್ಲೇ ಇರ್ಲಿ. ಮನೀನೂ ಅದಕ್ಕ ಹತ್ತೇ ಅದಲ್ಲ, ತಗೋರಿ. ಆದ್ರ ಉಳದವ್ರು ಬಂದು ಕೇಳಿದ್ರ—”

“ಕೊಡ್ತೀವಿ. ಬರ್ತಾರ ಭಾಯಿ. ನಾವ್ ಬಂದೀವಲ್ಲ.”

ದರ ಹೇಳಲು ನಾನು ಬಾಯಿ ತೆರೆದಿದ್ದೆ. ಹುಳ ಹತ್ತಿದ ಕಡಲೆ ಮಾರಿದ ಬಾಯಿ. ಹಾಗೇ ಮುಚ್ಚಿದೆ. ಮನೆ ಎಷ್ಟಕ್ಕೆ ಹೋಯಿತು ಎಂದು ಕೇಳಬೇಡಿ, ನಾನಿನ್ನೂ ಗಂಜಿನಲ್ಲಿ ಬದುಕಬೇಕು.

ಲಗ್ನವಾಯಿತು. ಹುಡುಗಿಗೆ ಬಳೆ ತೊಡಿಸಿದವಳು ಖಾಲಾನೇ. ಮಾಮ ಈಗ ನಮ್ಮ ಜೊತೆ ಇದ್ದಾನೆ. ನಮ್ಮ ಮನೆಗಿರುವುದು ಒಂದೇ ಬಾಗಿಲು, ಅದು ನಮ್ಮದೇ. ಆದರೂ ಹೊರಗೆ ಹೋಗಿ ಬಂದಾಗಲೆಲ್ಲ ಬಡಿದು, ಶರಣ್ರೀ ಎಂದು ನಿಲ್ಲುತ್ತಾನೆ. ಒಲೆಯ ಮುಂದಿನಿಂದ ನನ್ನ ಹೆಂಡತಿ “ಅದೀವ್ರಿ ಮಾಮಾ, ಬರ್ರಿ” ಅನ್ನುವ ತನಕ ಹೊಸ್ತಿಲು ದಾಟುವುದಿಲ್ಲ.

ಇಷ್ಟೇ. ಇದಕ್ಕಿಂತ ಹೆಚ್ಚಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.