ನನ್ನ ಚಿತ್ರಕ್ಕೆ ಸಿಗದ ಖಣ

ಚಿತ್ರ ಬರೆಯುವವನಿಗೆ ಹೊಗಳಿಕೆ ಸಿಗದಿದ್ದರೆ ಬೈಗುಳವಾದರೂ ಸಿಗಬೇಕು. ಇಳಕಲ್ಲಿನ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಡ್ರಾಯಿಂಗ್ ಮಾಸ್ತರನಾಗಿ ಹೂಜಿ, ಮಾವಿನಕಾಯಿ ಬರೆಸುತ್ತ ಬಂದ ನನಗೆ ಎರಡೂ ಸಿಕ್ಕಿಲ್ಲ. ನನ್ನ ಪಿರಿಯಡ್ ಎಂದರೆ ಗಣಿತದ ಮಾಸ್ತರರು ಕೇಳದೆ ಕಿತ್ತುಕೊಳ್ಳುವ ಪಿರಿಯಡ್. ಈ ಹೊಟ್ಟೆಯುರಿಯಿಂದಲೇ ಈ ಸಲದ ಶಾಲಾ ಚಿತ್ರಪ್ರದರ್ಶನದಲ್ಲಿ ಒಂದು ಕಿತಾಪತಿ ಮಾಡಿದೆ. ಒಂದು ಗೋಡೆಗೆ ಜಪಾನಿನ ಮರದಚ್ಚಿನ ಚಿತ್ರಗಳ ಪ್ರತಿಗಳನ್ನು ಹಚ್ಚಿದೆ: ಗುಡ್ಡ, ಮಳೆ, ಸೇತುವೆ. ಎದುರು ಗೋಡೆಗೆ ಯುರೋಪಿನವರ ಕನಸಿನಂಥ ಚಿತ್ರಗಳು. ಒಬ್ಬಳಿಗೆ ತಲೆಯ ಜಾಗದಲ್ಲಿ ಹೂವು, ಇನ್ನೊಬ್ಬಳಿಗೆ ಹೊಟ್ಟೆಯಲ್ಲಿ ಕಿಟಕಿ. ಯಾರ ಮೈಮೇಲೂ ಒಂದು ಎಳೆ ನೂಲಿಲ್ಲ. ಅವರ ನಡುವೆ, ಹೆಸರು ಹಾಕದೆ, ಮೂರು ವರ್ಷ ಕೂತು ನಾನೇ ಬರೆದ ಚಿತ್ರ: ಒರಗಿ ಮಲಗಿದ ಬತ್ತಲೆ ಹೆಂಗಸು. ದೊಡ್ಡ ಗದ್ದಲವಾಗಬೇಕು, ಆಗ ಎದೆ ತಟ್ಟಿಕೊಂಡು ಮುಂದೆ ಬರಬೇಕು ಎಂಬುದು ನನ್ನ ಲೆಕ್ಕಾಚಾರ.

ಹೆಡ್‌ಮಾಸ್ತರರು ಬಂದವರೇ ಬೆವತರು. "ಏನ್ರಿ ಮಾಸ್ತರ ಇದು! ಪಾಲಕರು ಬರೂ ಹೊತ್ತಾತು, ಮೊದಲ ತಗದ್ ಹಾಕ್ರಿ."

ನಾನು ಬಾದಾಮಿ ಗುಹೆಯ ಕಂಬಗಳ ಮೇಲೆ ಕೆತ್ತಿದ ಅರೆಬತ್ತಲೆ ಜೋಡಿಗಳನ್ನು ನೆನಪಿಸಿದೆ. ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಟ್ರಿಪ್ ಒಯ್ಯುವವರು ಅವರೇ.

"ಅವು ಕಲ್ಲಿನಾವರಿ," ಎಂದರು.

ಆಗ ನಡುವೆ ಬಂದವರು ಹೊಲಿಗೆ ಕಲಿಸುವ ಗಂಗಕ್ಕ ಟೀಚರು. ಗುಳೇದಗುಡ್ಡದ ನೇಕಾರರ ಮನೆಯವರು. "ಬಂದ ಹೆಣ್ಮಕ್ಕಳನ್ನ ಹಂಗ ಹೊರಗ ಹಾಕೂದ ಏನ್ರಿ ಸರ? ನಮ್ಮ ಮನಿಯಿಂದ ಖಣ ಇಸಗೊಳ್ದ ಯಾವ ಹೆಣ್ಮಗಳೂ ಹೋಗಿಲ್ರಿ," ಎಂದು ಚೀಲದಿಂದ ರವಿಕೆ ಖಣದ ತುಂಡುಗಳನ್ನು ತೆಗೆದರು. ಕತ್ತರಿ ಆಡಿತು, ಗುಂಡುಪಿನ್ನುಗಳು ಚುಚ್ಚಿದವು. ಅರ್ಧ ಗಂಟೆಯಲ್ಲಿ ಯುರೋಪು ಪೂರಾ ಮರ್ಯಾದಸ್ಥರ ಮನೆತನವಾಯಿತು. ಹೂವಿನ ತಲೆಯವಳಿಗೆ ಕೆಂಪು ಅಂಚಿನ ಕುಪ್ಪಸ ಒಪ್ಪಿತ್ತು ಕೂಡ.

ಕೊನೆಗೆ ನನ್ನ ಚಿತ್ರದ ಮುಂದೆ ಬಂದರು. ನಾನು ಒಂದು ಹೆಜ್ಜೆ ಮುಂದೆ ಬಂದು ನಿಂತೆ. ಗಂಗಕ್ಕ ಕೈಯಲ್ಲಿ ಹಸಿರು ಖಣ ಹಿಡಿದು ಕತ್ತು ಎಡಕ್ಕೆ ಹೊರಳಿಸಿದರು, ಬಲಕ್ಕೆ ಹೊರಳಿಸಿದರು, ಚಷ್ಮಾ ಒರೆಸಿಕೊಂಡರು.

"ಸರ, ಇದ್ರಾಗ ಹೆಣ್ಮಗಳು ಎಲ್ಲಿ ಅದಾಳ್ರಿ?"

ಹೆಡ್‌ಮಾಸ್ತರರು ಬಗ್ಗಿ ನೋಡಿದರು. "ಏ, ಇದು ಬಾದಾಮಿ ಗುಡ್ಡ ಅಲ್ಲೇನ್ರಿ ಟೀಚರ! ಇದನ್ಯಾಕ ಈ ಕಡೆ ಹಾಕ್ಯಾರ? ಜಪಾನದ ಗ್ವಾಡಿಗೆ ಹಚ್ರಿ. ಭಾಳ ಛಲೋ ಬಂದೈತಿ. ಯಾರು ತಗದಿದ್ದು?"

ಮೂರು ವರ್ಷದ ಸೊಂಟ, ಭುಜ, ತೊಡೆ ಎಲ್ಲ ಒಂದು ಮಾತಿಗೆ ಬಂಡೆಗಲ್ಲಾದವು. ಅಲ್ಲೇ ಕಿರುಚಬೇಕೆನಿಸುವಷ್ಟು ಸಿಟ್ಟು ಬಂತು. ಆದರೆ ಹೆಡ್‌ಮಾಸ್ತರರ ಮುಖದಲ್ಲಿ ನಿಜವಾದ ಮೆಚ್ಚುಗೆ ಇತ್ತು.

"ನಾನ ರೀ ಸರ," ಎಂದೆ. ಹಾಳು ನಾಲಿಗೆ ಅಷ್ಟಕ್ಕೇ ನಿಲ್ಲಲಿಲ್ಲ: "ಮುಂಜಾನಿ ಬಿಸಿಲಾಗಿನ ಗುಡ್ಡರಿ."